ಹತ್ತು ನಂಬರ್ ಬೋಲ್ಟು, ಒಂಬತ್ತು ದಿನ

ಕೊಲ್ಹಾರದ ಮೊಸರಿನ ಗಡಿಗೆ ಹಿಂದಿನ ಸೀಟಿನ ಕೆಳಗಿತ್ತು. ಉರುಳಬಾರದು ಅಂತ ಹೆಂಡತಿ ಅದನ್ನು ಎರಡು ಪಾದಗಳ ನಡುವೆ ಹಿಡಿದು ಕೂತಿದ್ದಳು. ಬಾಗಲಕೋಟೆಯಿಂದ ವಾಪಸ್ ಬರುತ್ತಿದ್ದೆವು. ಕೊರ್ತಿ-ಕೊಲ್ಹಾರ ಸೇತುವೆ ದಾಟಿ, ಮೊಸರು ತಗೊಂಡು, ವಿಜಯಪುರದ ಕಡೆ ಹತ್ತು ಕಿಲೋಮೀಟರ್ ಬಂದಿರಬೇಕು. ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲಕ್ಕೆ ಸರಿಯಿತು. ಮೇ ತಿಂಗಳ ಮಧ್ಯಾಹ್ನ. ಎಸಿ ಆಫ್ ಮಾಡಿದೆ. ಮುಳ್ಳು ಕೇಳಲಿಲ್ಲ. ಹೀಟರ್ ಪೂರ್ತಿ ತಿರುಗಿಸಿದೆ. ಎಂಜಿನ್ನಿನ ಬಿಸಿ ಒಳಗೆ ಬಂದು ನಾವೇ ಬೆಂದೆವು, ಆದರೆ ಮುಳ್ಳು ಸ್ವಲ್ಪ ಇಳಿಯಿತು. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಮುಕ್ಕಾಲು ತಾಸು ಕಾಯ್ದು, ಬಾಟಲಿ ನೀರು ಹಾಕಿ, ನಿಧಾನಕ್ಕೆ ಮನೆ ಮುಟ್ಟಿದೆವು. ಮೊಸರು ಹುಳಿ ಬಂದಿತ್ತು.

ಮರುದಿನ ಭಾನುವಾರ. ಶಾಲೆಗೆ ಬೇಸಿಗೆ ರಜೆ, ನನಗೆ ಹೊತ್ತು ಇತ್ತು. ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದರೆ ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು, ಅಲ್ಲಿಂದ ಬಿಳಿ ಉಪ್ಪಿನ ಗೆರೆ ಇಳಿದಿತ್ತು. ಆ ತೂತು ಬೇಕಂತಲೇ ಬಿಟ್ಟಿರುವುದು. ಪಂಪಿನ ಶಾಫ್ಟ್ ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗುವ ಬದಲು ಅಲ್ಲಿಂದ ಹೊರಗೆ ತೊಟ್ಟಿಕ್ಕಲಿ ಅಂತ. ಅಲ್ಲಿ ಒದ್ದೆ ಕಂಡರೆ ಪಂಪಿನ ಕಾಲ ಮುಗಿಯಿತು ಅಂತಲೇ ಅರ್ಥ. ಎಂ-ಸೀಲ್ ಮೆತ್ತಿ ಮುಚ್ಚುವವರನ್ನೂ ನೋಡಿದ್ದೇನೆ. ಅದು ಮೂಗು ಸೋರುತ್ತದೆ ಅಂತ ಮೂಗನ್ನೇ ಹೊಲಿದ ಹಾಗೆ.

ಕಾರು ಇಪ್ಪತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಗಾಡಿ. ಎಂಜಿನ್ ಅಡ್ಡ ಕೂತಿದೆ, ಬ್ಲಾಕ್ ಅಲ್ಯುಮಿನಿಯಂದು, ಪಂಪು ಟೈಮಿಂಗ್ ಬೆಲ್ಟಿನಿಂದ ತಿರುಗುತ್ತದೆ. ಬಿಚ್ಚುವ ಕೆಲಸವನ್ನು ಉದ್ದಕ್ಕೆ ಹೇಳುವುದಿಲ್ಲ. ಬಲಗಡೆ ಮುಂದಿನ ಚಕ್ರ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್, ಹೊರಗಿನ ಬೆಲ್ಟು, ಎಂಜಿನ್ ಕೆಳಗೆ ಜಾಕ್ ಕೊಟ್ಟು ಆ ಕಡೆಯ ಮೌಂಟಿಂಗ್, ಆಮೇಲೆ ಟೈಮಿಂಗ್ ಕವರು. ಬೆಲ್ಟು ತಿರುಗಿಸುವ ಚಕ್ರಗಳ ಗುರುತುಗಳನ್ನು ಕೂಡಿಸಿ, ಅವುಗಳ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟು, ಫೋನಿನಲ್ಲಿ ಫೋಟೊ ತೆಗೆದು, ಬೆಲ್ಟ್ ಕಳಚಿದೆ. ಊಟದ ಹೊತ್ತಿಗೆ ಪಂಪು ಎದುರಿಗೆ ಬಂತು. ಆರು ಬೋಲ್ಟು ತೆಗೆದರೆ ಆಯ್ತು. ಸಂಜೆ ಚಹಾಕ್ಕೆ ಹೊಸ ಪಂಪು ಕೂತಿರುತ್ತದೆ ಅಂದುಕೊಂಡೆ.

ಎರಡು ಬೋಲ್ಟು 8 ಎಂಎಂ ದಪ್ಪದವು, 12 ನಂಬರ್ ತಲೆ. ಟಕ್ ಅಂತ ಸದ್ದು ಮಾಡಿ ಬಿಟ್ಟುಕೊಟ್ಟವು. ಉಳಿದ ನಾಲ್ಕು 6 ಎಂಎಂ, ತಲೆ 10 ನಂಬರ್. ಮೊದಲನೆಯದಕ್ಕೆ ಬಾಕ್ಸ್ ಪಾನಾ ಹಾಕಿ ಒತ್ತಿದೆ. ಟಕ್ ಅನ್ನಲಿಲ್ಲ. ತಿರುಗುತ್ತಿದೆ, ಆದರೆ ಸಡಿಲ ಆಗುತ್ತಿಲ್ಲ. ರಬ್ಬರ್ ತಿರುಚಿದ ಹಾಗೆ, ಬಿಟ್ಟರೆ ವಾಪಸ್ ಬರುವ ಹಾಗೆ ಕೈಗೆ ಹತ್ತಿತು. ಈಗ ನನಗೆ ಆ ಭಾಷೆ ಗೊತ್ತು. ಬೋಲ್ಟಿನ ಕೆಳಗಿನ ತುದಿ ಕದಲಿಲ್ಲ, ನಡುವೆ ದೇಹ ಹೊಸೆದುಕೊಳ್ಳುತ್ತಿದೆ ಅಂತ ಅದು ಹೇಳುತ್ತಿತ್ತು. ಆವತ್ತು ನನಗೆ ಕೇಳಿಸಿದ್ದು ‘ಬರ್ತಾ ಇದೆ’ ಅಂತ. ಇನ್ನೊಂದು ಚೂರು ಒತ್ತಿದೆ. ತಲೆ ಬಾಕ್ಸಿನೊಳಗೆ ಉಳಿಯಿತು, ಮೈ ಎಂಜಿನ್ನಿನಲ್ಲಿ.

ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅದೊಂದೇ ಕೆಟ್ಟದ್ದು ಇರಬೇಕು ಅಂತ ಪಕ್ಕದ್ದಕ್ಕೆ ಬಾಕ್ಸ್ ಹಾಕಿದೆ. ಹತ್ತು ನಿಮಿಷದೊಳಗೆ ಅದೂ ಹೋಯಿತು.

ನನ್ನ ಕೈಯಲ್ಲಿದ್ದ ಹ್ಯಾಂಡಲ್ ಸುಮಾರು 40 ಸೆಂಟಿಮೀಟರ್ ಉದ್ದದ್ದು, ಅರ್ಧ ಇಂಚಿನ ಸೆಟ್ಟಿನದು. ಚಕ್ರದ ನಟ್ಟಿಗೆ ಸರಿ. ಆದರೆ 6 ಎಂಎಂ ಬೋಲ್ಟನ್ನು ಬಿಗಿಯುವುದೇ 10 ನ್ಯೂಟನ್ ಮೀಟರ್ ಆಸುಪಾಸು. ಆ ಉದ್ದಕ್ಕೆ ನಾಲ್ಕು ಕಿಲೋ ತೂಕದಷ್ಟು ಒತ್ತಿದರೆ ಸಾಕು, ಹೆಚ್ಚುಕಡಿಮೆ 16 ಆಗಿಬಿಡುತ್ತದೆ. ನಾಲ್ಕು ಕಿಲೋ ಅಂದರೆ ಏನು, ಒಂದು ಕೈ ಸುಮ್ನೆ ಅದರ ಮೇಲೆ ಇಟ್ಟಂತೆ. ಬೋಲ್ಟಿಗೆ ತಕ್ಕ ಪಾನಾ ಹಿಡಿದಿದ್ದರೆ ಕೈಗೆ ಮೊದಲೇ ಸುಳಿವು ಸಿಗುತ್ತಿತ್ತು. ಉದ್ದದ ಹ್ಯಾಂಡಲಿನಲ್ಲಿ ಎಲ್ಲವೂ ಹಗುರ ಅನ್ನಿಸುತ್ತದೆ, ಮುರಿಯುವುದು ಕೂಡ.

ಉಳಿದ ಎರಡಕ್ಕೆ ಅವತ್ತು ಕೈ ಹಚ್ಚಲಿಲ್ಲ. ಅಸಿಟೋನ್ ಮತ್ತು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ, ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ, ಅರ್ಧಕ್ಕರ್ಧ ಕಲಸಿ ಬುಡಕ್ಕೆ ಬಿಟ್ಟೆ. ಅದು ನಿಂತ ಕೂಡಲೇ ಬೇರೆ ಆಗುತ್ತದೆ, ಹಾಕುವ ಮುಂಚೆ ಪ್ರತಿ ಸಲ ಅಲ್ಲಾಡಿಸಬೇಕು. ಸೋಮವಾರ ಪೂರ್ತಿ, ಬೆಳಗ್ಗೆ-ಸಂಜೆ ಒಂದೊಂದು ಹನಿ. ಮಂಗಳವಾರ ಸಣ್ಣ ಗ್ಯಾಸ್ ಟಾರ್ಚ್ ತಂದು ಬೋಲ್ಟಿಗಲ್ಲ, ಅದರ ಸುತ್ತಲಿನ ಅಲ್ಯುಮಿನಿಯಂಗೆ ಬಿಸಿ ಕೊಟ್ಟೆ.

ಇದರ ಲೆಕ್ಕ ನನಗೆ ತುಂಬಾ ಹಿಡಿಸಿತು. ಒಂದು ಡಿಗ್ರಿ ಬಿಸಿಗೆ ಅಲ್ಯುಮಿನಿಯಂ ಹತ್ತು ಲಕ್ಷಕ್ಕೆ 23 ಪಾಲು ಹಿಗ್ಗುತ್ತದೆ, ಉಕ್ಕು ಸುಮಾರು 12. ಎರಡಕ್ಕೂ 100 ಡಿಗ್ರಿ ಏರಿಸಿದರೆ 6 ಎಂಎಂ ತೂತಿಗೂ ಬೋಲ್ಟಿಗೂ ನಡುವೆ 6-7 ಮೈಕ್ರಾನ್ ಜಾಗ ಹೆಚ್ಚಾಗುತ್ತದೆ. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲು. ಅಷ್ಟು ಸಾಕು. ಆ ಸಂದಿಗೆ ಮೇಣದಬತ್ತಿ ಒತ್ತಿದರೆ ಕರಗಿದ ಮೇಣ ಒಳಗೆ ಎಳೆದುಕೊಂಡು ಹೋಗುತ್ತದೆ. ಆದರೆ ಎಚ್ಚರ, ಅಲ್ಯುಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಸುವುದಿಲ್ಲ. ಶುದ್ಧ ಅಲ್ಯುಮಿನಿಯಂ 660 ಡಿಗ್ರಿಯಲ್ಲಿ, ಎಂಜಿನ್ನಿನ ಮಿಶ್ರಲೋಹ ಅದಕ್ಕೂ ಮೊದಲೇ, ಬಣ್ಣ ತೋರಿಸದೇ ಕುಸಿಯುತ್ತದೆ. ನಾನು ನೀರಿನ ಹನಿ ಹಾಕಿ ಚುರ್ ಅಂದ ಕೂಡಲೇ ಬೆಂಕಿ ತೆಗೆಯುತ್ತಿದ್ದೆ. ಹತ್ತಿರದ ರಬ್ಬರ್ ಪೈಪುಗಳ ಮೇಲೆ ಒದ್ದೆ ಗೋಣಿಚೀಲ, ಪಕ್ಕದಲ್ಲಿ ಒಂದು ಬಕೆಟ್ ಉಸುಕು. ಪೆಟ್ರೋಲ್ ಗಾಡಿ, ಮರೆಯಬಾರದು.

ಬಿಸಿ, ಮೇಣ, ಆಮೇಲೆ ಗಿಡ್ಡ ಪಾನಾದಲ್ಲಿ ಕಾಲು ಸುತ್ತು ಬಿಚ್ಚುವ ಕಡೆ, ಕಾಲು ಸುತ್ತು ಬಿಗಿಯುವ ಕಡೆ. ಒಂದೇ ದಿಕ್ಕಿಗೆ ಎಳೆದರೆ ಪುಡಿ ಥ್ರೆಡ್ಡಿನಲ್ಲಿ ಕೂಡಿಕೊಂಡು ಮತ್ತೆ ಜಾಮ್ ಆಗುತ್ತದೆ. ಹಿಂದೆ-ಮುಂದೆ ಆಡಿಸಿದರೆ ಅರೆದು ಹೊರಗೆ ಬರುತ್ತದೆ. ಒಂದು ಬೋಲ್ಟಿಗೆ ಇಪ್ಪತ್ತೈದು ನಿಮಿಷ, ಇನ್ನೊಂದಕ್ಕೆ ನಲವತ್ತು. ಕಿರ್ರೋ ಅನ್ನುತ್ತ ಎರಡೂ ಹೊರಗೆ ಬಂದವು.

ಅವುಗಳ ಮೈಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಕೆಂಪು ತುಕ್ಕು ಸ್ವಲ್ಪವೇ. ಈ ಬಿಳಿಯದು ಅಲ್ಯುಮಿನಿಯಂ ಕರಗಿ ಆದದ್ದು. ಉಕ್ಕು ಮತ್ತು ಅಲ್ಯುಮಿನಿಯಂ ಒಂದಕ್ಕೊಂದು ತಾಗಿ, ನಡುವೆ ಉಪ್ಪಿನ ನೀರು ಇದ್ದರೆ ಅದೊಂದು ಸಣ್ಣ ಬ್ಯಾಟರಿ. ಆ ಬ್ಯಾಟರಿಯಲ್ಲಿ ಸವೆಯುವ ಪಾಲು ಅಲ್ಯುಮಿನಿಯಂನದು. ಕರಗಿದ್ದು ಪುಡಿಯಾಗಿ, ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತ, ಬೋಲ್ಟನ್ನು ಅಮುಕಿ ಹಿಡಿಯುತ್ತದೆ. ತಪ್ಪು ಯಾರದು ಅಂತ ಹುಡುಕಲು ದೂರ ಹೋಗಬೇಕಿರಲಿಲ್ಲ. ನಮ್ಮ ನಳಕ್ಕೆ ಕೃಷ್ಣಾ ನೀರು ಬರುವ ದಿನ ಅದನ್ನು ಕುಡಿಯಲು ತುಂಬಿಡುತ್ತೇವೆ. ಕಾರಿಗೆ ಯಾರು ಆ ನೀರು ಹಾಕುತ್ತಾರೆ? ಬೋರಿನ ನೀರೇ. ಬಚ್ಚಲ ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವ, ಸೋಪು ನೊರೆ ಬಾರದ ನೀರು. ಎಂಜಿನ್ ತಂಪಿಡಲು ಹಾಕುವ ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ. ವರ್ಷ ವರ್ಷ ನೀರೇ ಸುರಿದರೆ ಅದು ತೆಳುವಾಗುತ್ತ ಕೊನೆಗೆ ಹೆಸರಿಗಷ್ಟೇ ಉಳಿಯುತ್ತದೆ. ತಾಜ್ ಬಾವಡಿ, ಸುರಂಗ ಬಾವಿ ಅಂತ ಆದಿಲ್‌ಶಾಹಿಗಳ ಕಾಲದಿಂದ ನೀರಿಗಾಗಿ ಇಷ್ಟೆಲ್ಲ ತಲೆ ಕೆಡಿಸಿಕೊಂಡ ಊರಿನಲ್ಲಿದ್ದು, ಎಂಜಿನ್ನಿಗೆ ಯಾವ ನೀರು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಮುರಿದ ಎರಡು ಬೋಲ್ಟುಗಳ ತೂತುಗಳು ಬ್ಲಾಕಿನೊಳಗೆ ಮುಚ್ಚಿಕೊಂಡಿಲ್ಲ, ನೇರ ನೀರಿನ ಜಾಗಕ್ಕೆ ತೆರೆದಿವೆ. ಅವು ಇಪ್ಪತ್ತು ವರ್ಷ ತುದಿಯನ್ನು ನೀರಿನಲ್ಲಿ ಅದ್ದಿಕೊಂಡು ಕೂತಿದ್ದವು.

ಈಗ ಪಂಪು ತೆಗೆಯಬೇಕು. ತಲೆ ಇಲ್ಲದ ಬೋಲ್ಟು ಪಂಪಿನ ಕಿವಿಯೊಳಗೂ, ಅಂದರೆ ಬೋಲ್ಟು ತೂರುವ ಅಂಚಿನ ತೂತಿನಲ್ಲೂ, ಜಾಮ್ ಆಗಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟುವ ಆಸೆ ಬಂದರೂ ತಡೆದುಕೊಂಡೆ, ಪ್ಯಾಕಿಂಗ್ ಕೂರುವ ಮುಖಕ್ಕೆ ಒಂದು ಗೀರು ಬಿದ್ದರೆ ಅಲ್ಲೇ ನಾಳೆ ಸೋರುತ್ತದೆ. ಕಟ್ಟಿಗೆಯ ಬೆಣೆ, ರಬ್ಬರ್ ಸುತ್ತಿಗೆ. ಅರ್ಧ ತಾಸಿಗೆ ಬಂತು. ಒಂದು ತುಂಡು ಆರು ಎಂಎಂನಷ್ಟು ಹೊರಗೆ ನಿಂತಿತ್ತು. ಇನ್ನೊಂದು ತೂತಿನೊಳಗೆ ಮೂರು ಎಂಎಂ ಆಳದಲ್ಲಿ ಮುರಿದಿತ್ತು. ಮೊದಲನೆಯದು ಅದೃಷ್ಟ, ಎರಡನೆಯದು ನನ್ನ ಕರ್ಮ.

ಹೊರಗೆ ನಿಂತದ್ದನ್ನು ಬುಧವಾರ ವೈಸ್ ಗ್ರಿಪ್ಪಿನಲ್ಲಿ ಹಿಡಿದು ತಿರುಗಿಸಲು ನೋಡಿದೆ. ಹಲ್ಲು ಜಾರಿ ತುಂಡು ಗುಂಡಗಾಯಿತು. ಸೋಲಾಪುರ ರಸ್ತೆ ಕಡೆ ನನಗೆ ಪರಿಚಯದ ಒಬ್ಬ ಲೇಥ್ ಮಿಸ್ತ್ರಿ ಇದ್ದಾರೆ, ಅರವತ್ತು ದಾಟಿದವರು. ಫೋಟೊ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ ನೋಡಿ, ‘ಅದನ್ನ ಮುಟ್ಟಬ್ಯಾಡ್ರಿ, ನಟ್ಟ ಹಚ್ಚಿ ತಗಿಯೂಣು’ ಅಂದರು. ಗುರುವಾರ ಅವರ ಹುಡುಗ ಸಣ್ಣ ವೆಲ್ಡಿಂಗ್ ಮೆಷಿನ್ ಸ್ಕೂಟರಿನಲ್ಲಿ ಇಟ್ಟುಕೊಂಡು ಬಂದ.

ಬ್ಯಾಟರಿಯ ಎರಡೂ ತಂತಿ ಬಿಚ್ಚಿದೆವು. ಆಲ್ಟರ್ನೇಟರ್ ಮತ್ತು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇವುಗಳ ಪ್ಲಗ್ ಕೂಡ. ಅರ್ಥ್ ಕ್ಲಾಂಪನ್ನು ಬಾಡಿಗಲ್ಲ, ಬೋಲ್ಟಿನ ಹತ್ತಿರ ಬ್ಲಾಕಿಗೇ ಹಾಕಿದ. ದೂರ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆಯಂತೆ. ಎಂಜಿನ್ ಮೌಂಟಿಂಗ್ ಬಿಚ್ಚಿದ್ದರಿಂದ ಜಾಕನ್ನು ಎರಡು ಇಂಚು ಇಳಿಸಿದೆ, ಚಕ್ರದ ಗೂಡಿನಿಂದ ಕೈ ನೇರ ಹೋಗುವಷ್ಟು ಜಾಗ ಆಯಿತು. ನಾನು 6 ಎಂಎಂ ನಟ್ಟು ಹುಡುಕುತ್ತಿದ್ದೆ. ಅವನು 8 ಎಂಎಂ ನಟ್ಟು ತೆಗೆದ. ತುಂಡಿನ ಸುತ್ತ ಖಾಲಿ ಜಾಗ ಇದ್ದರೆ ರಾಡು ಬುಡದ ತನಕ ಹೋಗುತ್ತದೆ, ನಟ್ಟಿನ ಹೊಟ್ಟೆ ತುಂಬುತ್ತದೆ. ಉಕ್ಕಿನ ವೆಲ್ಡಿಂಗು ಅಲ್ಯುಮಿನಿಯಂಗೆ ಹಿಡಿಯುವುದಿಲ್ಲ, ಆದ್ದರಿಂದ ಬ್ಲಾಕಿಗೆ ಅಂಟುವ ಭಯ ಇಲ್ಲ. 2.5 ಎಂಎಂ ರಾಡು.

ಮೊದಲ ನಟ್ಟು ತಿರುಗಿಸಿದ ಕೂಡಲೇ ಕಿತ್ತು ಬಂತು. ಎರಡನೆಯದೂ. ನನ್ನ ಮುಖ ನೋಡಿ ಹುಡುಗ ನಕ್ಕ. ‘ಹಂಗ ಬರ್ತಾವ್ರಿ. ಪ್ರತಿ ಸಲ ಕಾಯ್ದಾಗ ಒಳಗ ಬಿಡತದ.’ ನಿಜವೇ. ವೆಲ್ಡಿಂಗಿನಲ್ಲಿ ಬೋಲ್ಟೇ ಕೆಂಪಾಗಿ ಕಾಯುತ್ತದೆ, ಹಿಗ್ಗಲು ಹೋಗಿ ಪುಡಿಯನ್ನು ಜಜ್ಜುತ್ತದೆ, ತಣ್ಣಗಾಗುವಾಗ ಕುಗ್ಗಿ ಸಂದಿ ಬಿಡುತ್ತದೆ. ಮೂರನೇ ನಟ್ಟು ಹಾಕಿ, ಕೆಂಪು ಆರಿದ ಮೇಲೆ ಮೇಣ ಒತ್ತಿ, ಎರಡು ನಿಮಿಷ ಬಿಟ್ಟು, 13 ನಂಬರ್ ರಿಂಗ್ ಪಾನಾದಲ್ಲಿ ಮೊದಲು ಬಿಗಿಯುವ ಕಡೆ ಸ್ವಲ್ಪ ಒತ್ತಿದ. ಕದಲಿತು. ಆಮೇಲೆ ಬೆಣ್ಣೆಯಂತೆ ಬಂತು.

ಇಷ್ಟರಲ್ಲಿ ಕರೆಂಟು ಹೋಯಿತು. ಒಳಗೆ ಮುರಿದದ್ದನ್ನು ನಾಳೆ ನೋಡೋಣ ಅಂತ ಹುಡುಗ ಹೊರಟ.

ನಾಳೆಯ ತನಕ ಕಾಯುವ ಮನುಷ್ಯ ನಾನಾಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ನನ್ನ ಹತ್ತಿರ ಈಜಿ ಔಟ್ ಸೆಟ್ ಒಂದಿತ್ತು, ಯಾವತ್ತೋ ತಂದು ಬಳಸದೇ ಇಟ್ಟದ್ದು. ತುಂಡಿನ ನಡುವೆ ತೂತು ಕೊರೆದು, ಎಡಸುತ್ತಿನ ಮೊನಚು ಸಲಾಕೆ ತೂರಿಸಿ ತಿರುಗಿಸಿದರೆ ಅದು ಕಚ್ಚಿಕೊಂಡು ಬೋಲ್ಟನ್ನು ಹೊರಗೆ ತರಬೇಕು. ಲೆಕ್ಕದಲ್ಲಿ ಸರಿ. ಆದರೆ 6 ಎಂಎಂ ಬೋಲ್ಟೇ ಮುರಿದುಹೋಗುವ ಹಿಡಿತವನ್ನು 3 ಎಂಎಂ ಸಲಾಕೆ ಗೆಲ್ಲಬೇಕು ಅಂದರೆ ಹೇಗೆ? ಮೊನಚಾದ್ದರಿಂದ ಅದು ಬೋಲ್ಟನ್ನು ಒಳಗಿನಿಂದ ಅಗಲಿಸಿ ಇನ್ನಷ್ಟು ಬಿಗಿ ಮಾಡುತ್ತದೆ ಬೇರೆ. ಶುಕ್ರವಾರ ಬೆಳಗ್ಗೆ ಇದೆಲ್ಲ ನನಗೆ ಹೊಳೆಯಲಿಲ್ಲ. ಮುರಿದ ಮುಖ ಸಮ ಇರಲಿಲ್ಲ, ಸೆಂಟರ್ ಪಂಚ್ ಒಂದು ಕಡೆ ಜಾರಿತು, ಡ್ರಿಲ್ ಅದರ ಹಿಂದೆಯೇ ಹೋಯಿತು. ತೂತು ಓರೆ. ಸಲಾಕೆ ಹಾಕಿ ತಿರುಗಿಸಿದೆ. ಟಿಣ್ ಅಂತ ಗಾಜು ಒಡೆದ ಸದ್ದು.

ಈಗ ತೂತಿನೊಳಗೆ ಬೋಲ್ಟು, ಬೋಲ್ಟಿನೊಳಗೆ ಡ್ರಿಲ್ ಬಿಟ್ಟಿಗೆ ಮಣಿಯದಷ್ಟು ಗಟ್ಟಿಯಾದ ಉಕ್ಕಿನ ಚೂರು. ಡ್ರಿಲ್ ಹಿಡಿದರೆ ಅದರ ಮೂತಿಯೇ ಸವೆಯಿತು. ಅಂಗಡಿಗೆ ಹೋಗಿ ತಲೆ ತಗ್ಗಿಸಿ ನಿಂತೆ. ಮಿಸ್ತ್ರಿ ಬಯ್ಯಲಿಲ್ಲ. ‘ಇದಕ್ಕ ಈಜಿ ಔಟ್ ಅಂತ ಹೆಸರಿಟ್ಟಾವ ಯಾವನೋ, ಅವನ್ನ ಹುಡಕಬೇಕು ನೋಡ್ರಿ’ ಅಂದರು. ಆಮೇಲೆ ಕೇಳಿದರು, ‘ಹಳೇ ಪಂಪ ಐತಿಲ್ಲೋ? ವಗದೀರೇನು?’

ಎಸೆದಿರಲಿಲ್ಲ. ಗುಜರಿಗೆ ಅಂತ ಮೂಲೆಯಲ್ಲಿ ಇಟ್ಟಿದ್ದೆ. ಅದೇ ನಮ್ಮನ್ನು ಉಳಿಸಿತು. ಮುರಿದ ಬೋಲ್ಟಿನ ನಡುಮಧ್ಯ ಎಲ್ಲಿದೆ ಅಂತ ಕಣ್ಣಳತೆಯಲ್ಲಿ ಹುಡುಕುವುದು ಯಾಕೆ, ಪಂಪಿನ ಕಿವಿಯಲ್ಲಿ ಅದರ ಜಾಗ ಕಾರ್ಖಾನೆಯಲ್ಲೇ ಗುರುತಾಗಿದೆಯಲ್ಲ! ಅವರು ಹಳೇ ಪಂಪಿನ ಆ ಒಂದು ತೂತನ್ನು ಡ್ರಿಲ್ ಪ್ರೆಸ್ಸಿನಲ್ಲಿ 10 ಎಂಎಂಗೆ ಹಿಗ್ಗಿಸಿದರು. ಅದರಲ್ಲಿ ಬಿಗಿಯಾಗಿ ಕೂರುವ ಎರಡು ಬುಷ್, ಅಂದರೆ ನಡುವೆ ತೂತಿರುವ ಗಿಡ್ಡ ಕೊಳವೆ, ಲೇಥಿನಲ್ಲಿ ತಿರುಗಿಸಿದರು, ಒಂದಕ್ಕೆ 5 ಎಂಎಂ ಕಣ್ಣು, ಇನ್ನೊಂದಕ್ಕೆ 6.3. ಹಳೇ ಪಂಪನ್ನು ಉಳಿದ ಬೋಲ್ಟುಗಳಿಂದ ಮತ್ತೆ ಬ್ಲಾಕಿಗೆ ಕಟ್ಟಿದರೆ ಬುಷ್ಷಿನ ಕಣ್ಣು ಮುರಿದ ಬೋಲ್ಟಿನ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತದೆ. ಡ್ರಿಲ್ ಆಚೀಚೆ ಹೋಗುವ ಮಾತೇ ಇಲ್ಲ. ನಾಲ್ಕು ದಿನ ನಾನು ಫೋನಿನಲ್ಲಿ ವಿಡಿಯೊ ನೋಡಿದ್ದೆ, ಇದು ಯಾಕೆ ಹೊಳೆಯಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಶನಿವಾರ ಮಿಸ್ತ್ರಿ ಸ್ವತಃ ಬಂದರು. ಮೊದಲು ಈಜಿ ಔಟಿನ ಚೂರು. ಗಟ್ಟಿ ಇದ್ದದ್ದು ಪೆಳಸೂ ಹೌದು. ಸಣ್ಣ ಚೂಪು ಪಂಚಿನಿಂದ ಅಂಚಿಗೆ ಕುಟ್ಟಿ ಕುಟ್ಟಿ ಅದನ್ನು ಪುಡಿ ಮಾಡಿದರು, ಆಯಸ್ಕಾಂತದ ಕಡ್ಡಿಯಲ್ಲಿ ಚೂರು ಎತ್ತಿದರು. ಇದಕ್ಕೇ ಒಂದೂವರೆ ತಾಸು. ಆಮೇಲೆ ಪಂಪು ಕಟ್ಟಿ 5 ಎಂಎಂ ಬುಷ್ ಹಾಕಿದರು. ಮಾಮೂಲಿ ಡ್ರಿಲ್ಲಿನ ಮೊನೆ ನನ್ನ ಓರೆ ತೂತಿನ ಕಡೆಗೇ ಜಾರುತ್ತದೆ ಅಂತ ಚಪ್ಪಟೆ ಮೂತಿಯ ಎಂಡ್ ಮಿಲ್ ತಂದಿದ್ದರು. ಸೀಮೆಎಣ್ಣೆ ಹನಿಸುತ್ತ, ನಿಧಾನದ ಸ್ಪೀಡಿನಲ್ಲಿ, ಹಿಂದೆ-ಮುಂದೆ. ಕೊನೆಗೆ ಬೋಲ್ಟಿನ ತೆಳು ಸಿಪ್ಪೆ ಮಾತ್ರ ಗೋಡೆಗೆ ಅಂಟಿ ಉಳಿಯಿತು.

ಓರೆ ತೂತು ಒಂದು ಕಡೆ ಅಲ್ಯುಮಿನಿಯಂನ ಥ್ರೆಡ್ಡನ್ನೂ ತಿಂದಿತ್ತು. ಹಾಗಾಗಿ ಹೆಲಿಕಾಯಿಲ್, ಕೆಟ್ಟ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ. ಭಾನುವಾರ 6.3 ಎಂಎಂ ಬುಷ್ ಬದಲಿಸಿ ಹಿಗ್ಗಿಸಿ, ಹೆಲಿಕಾಯಿಲ್ ಜೊತೆಗೇ ಬರುವ, ಥ್ರೆಡ್ ಕೊರೆಯುವ ವಿಶೇಷ ಟ್ಯಾಪ್ ಹೊಡೆದೆವು. ಟ್ಯಾಪಿನ ಗೀರುಗಳಿಗೆ ಗ್ರೀಸ್ ತುಂಬಿದ್ದರಿಂದ ಪುಡಿ ಅದಕ್ಕೇ ಹತ್ತಿಕೊಂಡು ಬಂತು. ಸ್ಪ್ರಿಂಗಿನಂಥ ಸುರುಳಿ, 9 ಎಂಎಂ ಉದ್ದದ್ದು, ಮೇಲಿನ ಅಂಚಿಗಿಂತ ಅರ್ಧ ಸುತ್ತು ಕೆಳಗೆ ನಿಲ್ಲುವ ಹಾಗೆ ಕೂರಿಸಿದೆವು. ಸುರುಳಿಯ ತುದಿಯಲ್ಲಿ ಒಂದು ಸಣ್ಣ ನಾಲಗೆ ಇರುತ್ತದೆ, ತಿರುಗಿಸಲು. ಕೂರಿಸಿದ ಮೇಲೆ ಅದನ್ನು ಕುಟ್ಟಿ ಮುರಿಯುವುದು ರೂಢಿ. ನಮ್ಮ ತೂತಿನ ಆಚೆ ನೀರಿನ ಜಾಗ, ಬಿದ್ದರೆ ಹೊಸ ಪಂಪಿನ ಬಾಯಿಗೇ. ಉದ್ದ ಮೂತಿಯ ಪಕ್ಕಡಿನಲ್ಲಿ ಹಿಡಿದು ಮೇಲೆ-ಕೆಳಗೆ ಬಗ್ಗಿಸಿ ಮುರಿದು ಎತ್ತಿಕೊಂಡರು. ಅಷ್ಟಾದರೂ ನಂಬದೆ ನಾನು ಪೈಪು ಹಿಡಿದು ಬ್ಲಾಕನ್ನು ಎರಡು ಸಲ ತೊಳೆದೆ. ತೊಳೆದದ್ದನ್ನೂ ಹಳೆ ಕೂಲಂಟನ್ನೂ ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟೆ. ಕೂಲಂಟ್ ರುಚಿಗೆ ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯಬಹುದು. ನಮ್ಮ ಓಣಿಯಲ್ಲಿ ನಾಯಿ ಜಾಸ್ತಿ.

ಸೋಮವಾರ, ಒಂಬತ್ತನೇ ದಿನ, ಕೂಡಿಸುವುದು. ಹಳೆ ಬೋಲ್ಟು ಒಂದನ್ನೂ ವಾಪಸ್ ಹಾಕಲಿಲ್ಲ. ಅವುಗಳ ಉದ್ದ ಒಂದೇ ಅಲ್ಲ ಅಂತ ಬಿಚ್ಚುವಾಗಲೇ ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು ಅದರದರ ಜಾಗಕ್ಕೆ ಚುಚ್ಚಿಟ್ಟಿದ್ದೆ. ಮುರಿದವೆರಡರ ತುಂಡುಗಳನ್ನು ಜೋಡಿಸಿ ಅಳತೆ ತೆಗೆದೆ. ಮುಚ್ಚಿದ ತೂತಿಗೆ ಹೋಗುವ ಬೋಲ್ಟುಗಳಿಗೆ ಆಂಟಿ-ಸೀಜ್, ಅಂದರೆ ಜಾಮ್ ಆಗದ ಹಾಗೆ ಕಾಯುವ ಪೇಸ್ಟ್, ಸವರಿದೆ, ತೆಳ್ಳಗೆ. ನೀರಿಗೆ ತೆರೆದ ಎರಡಕ್ಕೆ ಥ್ರೆಡ್ ಸೀಲೆಂಟ್, ಇಲ್ಲದಿದ್ದರೆ ನೀರು ಥ್ರೆಡ್ಡಿನ ಗುಂಟ ಹತ್ತಿ ಬೋಲ್ಟಿನ ತಲೆಯ ಕೆಳಗಿಂದ ಸೋರುತ್ತದೆ. ಎಲ್ಲವನ್ನೂ ಮೊದಲು ಬೆರಳಿನಲ್ಲೇ ತಿರುಗಿಸಿ, ಆಮೇಲೆ ಎದುರುಬದುರು ಸ್ವಲ್ಪ ಸ್ವಲ್ಪವೇ. ಟಾರ್ಕ್ ಪಾನಾ ಮಿಸ್ತ್ರಿಯದು. 6 ಎಂಎಂಗೆ 9 ನ್ಯೂಟನ್ ಮೀಟರಿಗೆ ನಿಲ್ಲಿಸಿದೆ, ಎಣ್ಣೆ ಹಚ್ಚಿದ ಥ್ರೆಡ್ಡು ಅಷ್ಟೇ ಟಾರ್ಕಿಗೆ ಹೆಚ್ಚು ಎಳೆತ ತಗೊಳ್ಳುತ್ತದೆ. ಟೈಮಿಂಗ್ ಬೆಲ್ಟು, ಟೆನ್ಷನರ್ ಕೂಡ ಹೊಸದು. ಇಷ್ಟು ಬಿಚ್ಚಿದ ಮೇಲೆ ಹಳೇ ಬೆಲ್ಟು ಹಾಕುವುದು ಜಿಪುಣತನವಲ್ಲ, ಹುಚ್ಚು. ಎಂಜಿನ್ನನ್ನು ಪಾನಾದಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ಕೂಡುತ್ತವಾ ನೋಡಿದೆ. ಕೂಡಿದವು.

ಕೂಲಂಟು ಅರ್ಧ, ಬ್ಯಾಟರಿ ಅಂಗಡಿಯ ಡಿಮಿನರಲೈಸ್ಡ್ ನೀರು ಅರ್ಧ. ಹೀಟರ್ ತೆರೆದಿಟ್ಟು, ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆ. ಗುಳುಗುಳು ಅಂತ ಗಾಳಿ ಬಂತು, ಮಟ್ಟ ಇಳಿಯಿತು, ಮತ್ತೆ ಹಾಕಿದೆ. ಫ್ಯಾನು ಒಮ್ಮೆ ತಿರುಗಿ ನಿಂತ ಮೇಲೆ ಮುಚ್ಚಳ ಹಾಕಿ, ಪಂಪಿನ ಕೆಳಗೆ ಒಂದು ಹಾಳೆ ಪೇಪರ್ ಹಾಸಿ ಮಲಗಿದೆ. ಬೆಳಗ್ಗೆ ಪೇಪರು ಒಣಗಿತ್ತು.

ಅದಾದ ಮೇಲೆ ಕೊಲ್ಹಾರಕ್ಕೆ ಎರಡು ಸಲ ಹೋಗಿ ಬಂದೆವು. ಮುಳ್ಳು ನಡುವೆಯೇ ಇದೆ. ಹಳೇ ಪಂಪು ಈಗ ಮಿಸ್ತ್ರಿಯ ಅಂಗಡಿಯ ಗೋಡೆಗೆ ಬುಷ್ ಸಮೇತ ನೇತುಬಿದ್ದಿದೆ, ಇದೇ ಎಂಜಿನ್ನಿನ ಇನ್ನೊಂದು ಗಾಡಿ ಬಂದೇ ಬರುತ್ತದೆ ಅಂತ ಅವರ ಲೆಕ್ಕ. ಕೂಡಿಸುವಾಗ ಇನ್ನೊಂದು ಕಣ್ಣಿಗೆ ಬಿದ್ದಿತ್ತು. ಥರ್ಮೋಸ್ಟಾಟ್ ಡಬ್ಬಿಯ ಎರಡು ಬೋಲ್ಟುಗಳ ಬುಡದಲ್ಲೂ ಅದೇ ಬಿಳಿ ಪುಡಿ. ಅವೂ ಹತ್ತು ನಂಬರಿನವೇ. ಇನ್ನೂ ಕೈ ಹಚ್ಚಿಲ್ಲ. ಬೆಳಗ್ಗೆ-ಸಂಜೆ ಒಂದೊಂದು ಹನಿ ಹಾಕುತ್ತಿದ್ದೇನೆ, ಮೇಣದಬತ್ತಿ ತಂದಿಟ್ಟಿದ್ದೇನೆ, ಉದ್ದದ ಹ್ಯಾಂಡಲನ್ನು ಅಟ್ಟದ ಮೇಲೆ ಹಾಕಿದ್ದೇನೆ.